ಗೋಡೆಗೆ ಆನಿದವರು

ಆ ಊರು ಯಾವ ಸೀಮೆಯದು ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಊರಿನ ಮೂಡಲಿಗೆ ಒಂದು ಗೋಡೆ ಇತ್ತೆಂಬುದು ಮಾತ್ರ ಖರೆ. ಮೂರಾಳೆತ್ತರದ ಗೋಡೆ. ಅದರ ಒಂದು ತುದಿ ಕಮರಿಯ ಅಂಚಿಗೆ ಬಂದು ನಿಂತಿತ್ತು, ಇನ್ನೊಂದು ತುದಿ ಬೆಟ್ಟದ ಬಂಡೆಗೆ ಹೋಗಿ ತಾಗಿತ್ತು. ಬಳಸಿಕೊಂಡು ಆಚೆಗೆ ಹೋಗುವ ದಾರಿ ಇರಲಿಲ್ಲ. ಹೋದವರೂ ಇರಲಿಲ್ಲ.

ಆ ಊರಿಗೆ ಒಂದೇ ಕಟ್ಟಳೆ. ಹಗಲಿಗೆ ಹನ್ನೆರಡು ಜನ, ಇರುಳಿಗೆ ಹನ್ನೆರಡು ಜನ, ಆ ಗೋಡೆಗೆ ಬಲ ಹೆಗಲು ಕೊಟ್ಟು ನಿಲ್ಲಬೇಕು. ನಿಂತರೆ ಸಾಲದು, ಇದ್ದ ಬಲವನ್ನೆಲ್ಲ ಹಾಕಿ ತಳ್ಳಬೇಕು. ಬಿಟ್ಟರೆ ಗೋಡೆ ಊರಿನ ಮೇಲೆ ಮಲಗುತ್ತದೆ. ಇದಕ್ಕೆ ಆನುವುದು ಎನ್ನುತ್ತಿದ್ದರು. ಕಮರಿಯ ಕಡೆಯಿಂದ ಎಣಿಸಿದರೆ ಹನ್ನೆರಡು ಜಾಗಗಳು. ಒಂದೊಂದು ಜಾಗ ಒಂದೊಂದು ಮನೆಯದು. ತಲೆಮಾರುಗಳ ಹೆಗಲು ತಾಗಿ ತಾಗಿ ಆ ಜಾಗಗಳಲ್ಲಿ ಕಲ್ಲು ಬಟ್ಟಲಿನ ಹಾಗೆ ಸವೆದಿತ್ತು. ಆನಿದವರು ಮಾತಾಡಬಾರದು. ಮಾತಾಡಿದರೆ ಉಸಿರು ಒಡೆಯುತ್ತದೆ, ಉಸಿರು ಒಡೆದರೆ ಬಲ ಒಡೆಯುತ್ತದೆ.

ನಡುಹಗಲಿಗೆ ತೂಗುಗುಂಡಿನ ಯಜಮಾನ ಬರುತ್ತಿದ್ದ. ದಾರದ ತುದಿಗೆ ಕಟ್ಟಿದ ಕಬ್ಬಿಣದ ಗುಂಡನ್ನು ಗೋಡೆಯ ಪಕ್ಕ ಇಳಿಬಿಟ್ಟು, ಅದು ತೂಗಾಡಿ ತೂಗಾಡಿ ನಿಲ್ಲುವ ತನಕ ಕಾಯುತ್ತಿದ್ದ. ದಾರಕ್ಕೂ ಗೋಡೆಗೂ ನಡುವಿನ ಸಂದನ್ನು ಮೇಲೊಮ್ಮೆ ಕೆಳಗೊಮ್ಮೆ ಬೆರಳಿಟ್ಟು ನೋಡುತ್ತಿದ್ದ.

"ಕದಲಿಲ್ಲ," ಎನ್ನುತ್ತಿದ್ದ.

"ಕದಲದಿರಲಿ," ಎನ್ನುತ್ತಿದ್ದರು ಹನ್ನೆರಡು ಮಂದಿ. ಹಗಲಿಗೆಲ್ಲ ಅವರು ಆಡುವ ಮಾತು ಅದೊಂದೇ.

ಈ ಕಥೆ ಏಳನೆಯ ಜಾಗದವಳದು. ಅವಳಿಗೆ ಮುಂಚೆ ಆ ಜಾಗದಲ್ಲಿ ಅವಳ ಅವ್ವ ನಿಂತಿದ್ದಳು. ಅವ್ವ ಸತ್ತ ದಿನ ಚಾಪೆಯ ಮೇಲೆ ಮಲಗಿಸಿದರೆ ದೇಹ ನೆಟ್ಟಗೆ ಮಲಗಲಿಲ್ಲ. ಬಲ ಹೆಗಲು ಕಿವಿಗೆ ತಾಗಿತ್ತು, ಸೊಂಟ ಒಂದು ಕಡೆಗೆ ವಾಲಿತ್ತು, ಕಾಲುಗಳು ಇನ್ನೂ ನೆಲವನ್ನು ಒದೆಯುವ ಹಾಗೆ ಮಡಚಿದ್ದವು. ನಾಲ್ಕು ಜನ ಹಿಡಿದು ನೆಟ್ಟಗೆ ಎಳೆದರು, ಕೈಬಿಟ್ಟ ಕೂಡಲೇ ಮತ್ತೆ ಬಾಗಿತು. ಕೊನೆಗೆ ಗುಂಡಿಯನ್ನೇ ಕುಡುಗೋಲಿನ ಹಾಗೆ ಬಾಗಿಸಿ ತೋಡಿದರು. ತೋಡಿದವರಿಗೆ ಅದು ಹೊಸದೇನೂ ಆಗಿರಲಿಲ್ಲ. ಆ ಊರಿನ ಗುಂಡಿಗಳೆಲ್ಲ ಹಾಗೇ ಇದ್ದವು.

ಮಾರನೆಯ ದಿನದಿಂದ ಅವಳು ನಿಂತಳು. ಹೊರಗಿನಿಂದ ನೋಡಿದರೆ ಕಲ್ಲಿಗೆ ಕಲ್ಲು ಆನಿಸಿದ ಹಾಗೆ. ಒಳಗೆ ಮಾತ್ರ ಒಂದು ಗಳಿಗೆಯೂ ನಿಲುಗಡೆ ಇರಲಿಲ್ಲ. ಮೀನಖಂಡದಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಬಾಯಲ್ಲಿ ಬರಬೇಕಾದ ಮಾತು ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇಷ್ಟು ತಳ್ಳುತ್ತೇನಲ್ಲ, ಬೆವರು ಕಾಲ್ಬೆರಳಿನ ತನಕ ಇಳಿಯುತ್ತದಲ್ಲ, ಆದದ್ದೇನು ಎಂದು ನೋಡಿದರೆ ಏನೂ ಆಗಿಲ್ಲ. ಗೋಡೆ ನಿನ್ನೆ ಇದ್ದಲ್ಲೇ ಇದೆ. ಏನೂ ಆಗದಿರುವುದೇ ಅವಳ ಕೆಲಸ.

ಮೊದಮೊದಲು ಸಂಜೆಯ ಪಾಳಿಯವರು ಬಂದು ಬಿಡಿಸಿದ ಕೂಡಲೇ ಮೈ ನೆಟ್ಟಗಾಗುತ್ತಿತ್ತು. ಒಂದು ವರ್ಷ ಕಳೆದ ಮೇಲೆ ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ನೆಟ್ಟಗಾಯಿತು. ಮತ್ತೊಂದು ವರ್ಷಕ್ಕೆ, ಉಂಡೆದ್ದ ಮೇಲೆ. ಒಂದು ದಿನ ಬೆಳಗ್ಗೆ ಏಳುವಾಗ ನೋಡಿಕೊಂಡಳು. ಹೆಗಲು ನಿನ್ನೆ ಬಿಟ್ಟಲ್ಲೇ ಇತ್ತು. ಒಲೆ ಹೊತ್ತಿಸಿ, ನೀರು ಕಾಯಿಸಿ, ಬಿಸಿನೀರು ಹುಯ್ದುಕೊಂಡ ಮೇಲೆ ಇಷ್ಟಿಷ್ಟೇ ಇಳಿಯಿತು.

ಅಂದು ಬಿಡುವಾದ ಮೇಲೆ ಬುಟ್ಟಿಯಜ್ಜಿಯ ಹತ್ತಿರ ಹೋದಳು. ಬುಟ್ಟಿಯಜ್ಜಿ ಬಿದಿರು ಸೀಳಿ ಬುಟ್ಟಿ ಹೆಣೆಯುವವಳು. ಅವಳ ಮನೆಗೆ ಗೋಡೆಯಲ್ಲಿ ಜಾಗ ಇರಲಿಲ್ಲ, ಹಾಗಾಗಿ ಊರಿನಲ್ಲಿ ನೆಟ್ಟಗೆ ನಡೆಯುವ ಮುದುಕಿ ಅವಳೊಬ್ಬಳೇ.

"ಅಜ್ಜಿ, ಬಗ್ಗಿಸಿದ್ದು ಮತ್ತೆ ನೆಟ್ಟಗಾಗ್ತದಾ?"

ಅಜ್ಜಿ ಒಂದು ಸೀಳು ಎತ್ತಿ ಬಗ್ಗಿಸಿದಳು. ಬಿಟ್ಟಳು. ಅದು ಚಟ್ಟನೆ ನೆಟ್ಟಗಾಯಿತು. ಇನ್ನೂ ಕೊಂಚ ಬಗ್ಗಿಸಿ ಬಿಟ್ಟಳು. ಆಗಲೂ ನೆಟ್ಟಗಾಯಿತು. ಮೂರನೆಯ ಸಲ ಮತ್ತೂ ಬಗ್ಗಿಸಿ ಬಿಟ್ಟಳು. ಬಿದಿರು ಅರ್ಧ ದಾರಿಗೆ ಬಂದು ಅಲ್ಲೇ ನಿಂತಿತು.

"ಮುರೀಲಿಲ್ಲ ನೋಡು. ಆದರೆ ಬಂದ ದಾರಿ ಮರೀತು. ಎಲ್ಲಾದಕ್ಕೂ ಒಂದು ಗೆರೆ ಇದೆ ತಾಯಿ. ಗೆರೆ ಈಚೆಗಿದ್ರೆ ಬಿಟ್ಟ ಕೂಡ್ಲೆ ವಾಪಸ್ ಬರ್ತದೆ. ಗೆರೆ ದಾಟಿದ್ರೆ ಇಲ್ಲ."

"ಗೆರೆ ಎಲ್ಲಿದೆ ಅಂತ ಹೇಗೆ ಗೊತ್ತಾಗೋದು?"

"ದಾಟಿದ ಮೇಲೆ ಗೊತ್ತಾಗ್ತದೆ," ಎಂದು ಅಜ್ಜಿ ಆ ಸೀಳನ್ನು ಪಕ್ಕಕ್ಕೆ ಎಸೆದಳು.

ಏಳನೆಯವಳಿಗೆ ಅಂದಿನಿಂದ ಅನ್ನ ಸೇರಲಿಲ್ಲ. ಮರುದಿನ ಗೋಡೆಗೆ ಆನಿದಾಗ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಒಂದು ಕಾಳಿನಷ್ಟು ಬಲ ಸಡಿಲಿಸಿದಳು. ಯಾರಿಗೂ ಕಾಣದಷ್ಟು. ಗೆರೆ ಇನ್ನೂ ದಾಟಿಲ್ಲದಿದ್ದರೆ ದಾಟದ ಹಾಗೆ ಉಳಿದುಕೊಳ್ಳೋಣ ಎಂಬ ಆಸೆ.

ಗೋಡೆ ಅವಳ ಮೇಲೆ ಬಂತು. ಬಂದದ್ದು ಕಲ್ಲಿನ ಭಾರದ ಹಾಗಲ್ಲ. ಭಾರವಾದರೆ ಒಂದೇ ಸಮ ಇರುತ್ತದೆ. ಇದು ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಅವಳು ತನ್ನ ಉಸಿರು ಬಿಗಿಹಿಡಿದು ನೋಡಿದಳು. ತನ್ನದು ನಿಂತರೂ ಅದು ನಿಲ್ಲಲಿಲ್ಲ. ಕಲ್ಲಿನ ಆಚೆ ಯಾರೋ ಉಸಿರಾಡುತ್ತಿದ್ದರು.

ಆಚೆ ಏನಿದೆ ಎಂದು ಕೇಳಿದರೆ ಬಯಲು ಎಂದು ಊರಿನವರು ಹೇಳುತ್ತಿದ್ದರು. ಬಯಲು, ಗಾಳಿ, ಅಷ್ಟೆ.

ಮೂರು ದಿನ ಅವಳು ಸಡಿಲಿಸಿ, ಬಿಗಿದು, ಸಡಿಲಿಸಿ ನೋಡಿದಳು. ನಾಲ್ಕನೆಯ ದಿನ ಅವಳು ಸಡಿಲಿಸಿದಾಗ ಆಚೆಯೂ ಸಡಿಲಾಯಿತು. ಅವಳು ಬಿಗಿದಾಗ ಆಚೆಯೂ ಬಿಗಿಯಿತು. ಅವಳ ಕೆನ್ನೆ ಹೇಗೂ ಕಲ್ಲಿಗೆ ತಾಗಿಯೇ ಇರುತ್ತಿತ್ತು. ತುಟಿಯನ್ನೂ ತಾಗಿಸಿ, ಕಟ್ಟಳೆ ಮುರಿದು, ಪಿಸುಗುಟ್ಟಿದಳು.

"ಯಾರು?"

ಕಲ್ಲು ದನಿಯನ್ನು ಬೇಗ ಒಯ್ಯುತ್ತದೆ. ಗಂಡಸಿನ ದನಿಯೊಂದು ಅವಳ ಕೆನ್ನೆಯ ಎಲುಬಿನಲ್ಲೇ ಕೇಳಿಸಿತು.

"ಆರನೆಯವನು. ನೀನ್ಯಾರು?"

"ಏಳನೆಯವಳು."

"ಆರಕ್ಕೆದುರು ಏಳು ಹೇಗಾಗ್ತದೆ?"

"ನಾವು ಕಮರಿ ಕಡೆಯಿಂದ ಎಣಿಸ್ತೀವಿ."

"ನಾವು ಬಂಡೆ ಕಡೆಯಿಂದ."

ಆಮೇಲೆ ಅವಳು ಕೇಳಿದಳು. "ನೀವು ಯಾಕೆ ತಳ್ತೀರಿ?"

"ಬಿಟ್ರೆ ಗೋಡೆ ನಮ್ಮೂರ ಮೇಲೆ ಬೀಳ್ತದೆ ಅಂತ. ನೀವು?"

ಅವಳಿಗೆ ನಗು ಬಂದಿತೋ ಅಳು ಬಂದಿತೋ, ಹೆಗಲು ಅಲುಗಿತು. ಪಕ್ಕದ ಎಂಟನೆಯವನು ಕಣ್ಣು ಕೆಕ್ಕರಿಸಿದ.

ನಡುಹಗಲಿಗೆ ತೂಗುಗುಂಡಿನ ಯಜಮಾನ ಅವಳ ಜಾಗಕ್ಕೆ ಬಂದು ದಾರ ಇಳಿಬಿಟ್ಟಾಗ ಅವಳು ಮೆಲ್ಲಗೆ ಹೇಳಿದಳು. "ಯಜಮಾನ್ರೆ, ಆಚೆ ಜನ ಇದ್ದಾರೆ. ಅವರೂ ತಳ್ತಿದ್ದಾರೆ."

ಯಜಮಾನ ಗುಂಡಿನಿಂದ ಕಣ್ಣು ತೆಗೆಯಲಿಲ್ಲ. ಗಾಬರಿಯೂ ಆಗಲಿಲ್ಲ. "ಗುಂಡು ಹೇಳೋದು ಗೋಡೆ ನೆಟ್ಟಗಿದೆಯಾ ಇಲ್ವಾ ಅಂತ ಅಷ್ಟೆ. ಯಾಕೆ ನೆಟ್ಟಗಿದೆ ಅಂತ ಹೇಳಲ್ಲ. ಎರಡು ಕಡೆ ಸಮ ತಳ್ಳಿದ್ರೂ ನೆಟ್ಟಗೆ, ಎರಡು ಕಡೆ ಯಾರೂ ತಳ್ಳದಿದ್ರೂ ನೆಟ್ಟಗೆ. ಗುಂಡಿಗೆ ಎರಡೂ ಒಂದೇ ತಾಯಿ."

"ಹಾಗಿದ್ರೆ ನಿಮಗೆ ಗೊತ್ತಿತ್ತು."

"ಅನುಮಾನ ಇತ್ತು."

"ಬಿಟ್ಟುಬಿಡಬಹುದಲ್ಲ ಹಾಗಾದ್ರೆ."

"ಮೊದಲು ಅವರು ಬಿಡಲಿ."

ಆ ಸಂಜೆ ಊರಿನ ಹಿರಿಯರನ್ನು ಕೇಳಿದಳು. ಅವರೂ ಅದನ್ನೇ ಹೇಳಿದರು. ಮಾರನೆಯ ದಿನ ಆರನೆಯವನು ಕಲ್ಲಿನೊಳಗಿಂದ ಹೇಳಿದ. "ನಮ್ಮ ಹಿರೀಕರನ್ನೂ ಕೇಳ್ದೆ. ಮೊದಲು ನೀವು ಬಿಡಬೇಕಂತೆ."

ಎರಡು ಊರಿನ ಮಾತು ಸಮ ತೂಗಿ ನಿಂತಿತ್ತು. ಅದನ್ನು ಕದಲಿಸುವ ಬಲ ಯಾರಲ್ಲೂ ಇರಲಿಲ್ಲ.

ಏಳನೆಯವಳಿಗೆ ಕಾಯುವುದು ಆಗದ ಮಾತು. ದಿನ ಬೆಳಗಾದರೆ ಅವಳ ಹೆಗಲು ಕಿವಿಗೆ ಒಂದು ಕೂದಲೆಳೆ ಹತ್ತಿರವಾಗುತ್ತಿತ್ತು. ಯಾರೂ ಮೊದಲು ಬಿಡುವುದು ಬೇಡ, ಇಬ್ಬರೂ ಒಟ್ಟಿಗೆ ಬಿಡೋಣ ಎಂದು ಅವಳೇ ಹೇಳಿದಳು. ಆರನೆಯವನು ಒಪ್ಪಿದ. ಅವನು ಆಚೆಯ ಹನ್ನೊಂದು ಜನರಿಗೆ, ಅವಳು ಈಚೆಯ ಹನ್ನೊಂದು ಜನರಿಗೆ ಒಬ್ಬೊಬ್ಬರ ಮನೆಗೆ ಹೋಗಿ ಹೇಳಬೇಕು. ಅವಳು ಬೆಣಚುಕಲ್ಲಿನಿಂದ ಗೋಡೆಗೆ ಒಂದು ಏಟು ಹಾಕಿದಾಗ ಎರಡೂ ಕಡೆಯವರು ಒಂದೊಂದು ಕಾಳಿನಷ್ಟು ಸಡಿಲಿಸಬೇಕು. ಮತ್ತೊಂದು ಏಟಿಗೆ ಮತ್ತೊಂದು ಕಾಳು.

ತೂಗುಗುಂಡಿನ ಯಜಮಾನನಿಗೆ ಇದು ತಿಳಿಯಿತು. ತಡೆಯಲಿಲ್ಲ. "ಒಂದು ಮಾತು ಕೇಳ್ಕೊ," ಎಂದ. "ಎರಡೂ ಕಡೆ ಒಟ್ಟು ಬಲ ಸಮ ಇದ್ರೆ ಸಾಲದು. ಎದುರುಬದುರು ಇರಬೇಕು. ನೀನು ಬಾಗಿಲಿನ ಈ ಅಂಚು ತಳ್ಳಿ, ನಾನು ಆಚೆಯಿಂದ ಆ ಅಂಚು ತಳ್ಳಿದ್ರೆ, ಬಲ ಸಮಾನೇ. ಆದರೆ ಬಾಗಿಲು ತಿರುಗಿಬಿಡ್ತದೆ. ಯಾರಿಗೆ ಯಾರು ಎದುರೋ ಅವರಿಬ್ಬರೂ ಒಟ್ಟಿಗೆ ಬಿಡಬೇಕು. ಒಬ್ಬ ತಪ್ಪಿದ್ರೂ ಕೆಟ್ಟಿತು."

ಎಲ್ಲರೂ ಒಪ್ಪಿದರು. ಕಮರಿಯಂಚಿನ ಮೊದಲನೆಯ ಜಾಗದವನೂ ಒಪ್ಪಿದ. ಅವನು ಊರಿಗೇ ಬಲಶಾಲಿ, ಕೋಣದಂಥ ಹೆಗಲಿನವನು. ಅವನೆದುರಿಗೆ ಆಚೆ ನಿಲ್ಲುತ್ತಿದ್ದವಳು ಹನ್ನೆರಡನೆಯ ಜಾಗದ ಒಬ್ಬ ಮುದುಕಿ ಎಂದು ಆರನೆಯವನು ಹೇಳಿದ್ದ. ಒಂದೇ ಮುದುಕಿ ಇಷ್ಟು ವರ್ಷ ಈ ಕೋಣವನ್ನು ತಡೆದು ನಿಲ್ಲಿಸಿದ್ದಳೇ ಎಂದು ಏಳನೆಯವಳು ಬೆರಗಾಗಿದ್ದಳು.

ಗೊತ್ತು ಮಾಡಿದ ದಿನ ಬಂತು. ಬಿಸಿಲು ಏರಿದ ಮೇಲೆ ಮೊದಲ ಏಟು ಬಿತ್ತು. ಸಾಲಿನ ಹೆಗಲುಗಳು ಒಂದು ಕಾಳು ಸಡಿಲಾದವು. ಎರಡನೆಯ ಏಟು. ಮೂರನೆಯ ಏಟು. ಏಟಿಗೊಂದು ಉಸಿರು, ಉಸಿರಿಗೊಂದು ಕಾಳು. ಹತ್ತನೆಯ ಏಟಿಗೆ ಏಳನೆಯವಳ ಹಿಮ್ಮಡಿ ಮೊದಲ ಸಲ ನೆಲಕ್ಕೆ ಪೂರಾ ತಾಗಿತು. ಮೂವತ್ತನೆಯ ಏಟಿಗೆ ಹೆಗಲಿಗೂ ಕಲ್ಲಿಗೂ ನಡುವೆ ಬೆವರು ಆರುವಷ್ಟು ಗಾಳಿ ಆಡಿತು. ಗೋಡೆ ನಿಂತೇ ಇತ್ತು.

ನಲವತ್ತನೆಯ ಏಟಿಗೆ ಕಮರಿಯ ಕಡೆಯಿಂದ ಕಲ್ಲು ಕರಕರ ಎಂದಿತು.

ಮೊದಲನೆಯವನು ಸಡಿಲಿಸಿರಲಿಲ್ಲ. ಆಚೆಯ ಮುದುಕಿ ಮಾತಿಗೆ ತಪ್ಪದೆ ಏಟಿಗೊಂದು ಕಾಳಿನಂತೆ ಬಿಡುತ್ತ ಬಂದಿದ್ದಳು. ಇವನು ಹಿಡಿದಲ್ಲೇ ಹಿಡಿದಿದ್ದ. ಆ ತುದಿಯ ಗೋಡೆ ನಿಧಾನಕ್ಕೆ ಆಚೆಗೆ ವಾಲಿತು. ಮೇಲಿನ ಸಾಲು ಬಿಚ್ಚಿಕೊಂಡಿತು. ಆಮೇಲೆ ಹತ್ತು ಹೆಜ್ಜೆ ಅಗಲದ ಗೋಡೆ ಆಚೆಯ ಊರಿನ ಕಡೆಗೆ ಮಲಗಿತು, ಮೊದಲನೆಯವನೂ ಅದರ ಜೊತೆಗೇ ಕಲ್ಲುಗಳ ಮೇಲೆ ಬಿದ್ದ. ಧೂಳು ಎದ್ದಿತು. ಧೂಳಿನ ಆ ಬದಿಯಿಂದ ಒಂದು ನರಳಾಟ ಕೇಳಿಸಿತು.

ಉಳಿದವರು ಮತ್ತೆ ಗೋಡೆಗೆ ಹೆಗಲು ಕೊಟ್ಟು ಬಿಗಿದರು. ಎರಡೂ ಕಡೆ. ಭಯಕ್ಕೆ ಅವರಿಗೆ ಗೊತ್ತಿದ್ದ ಮದ್ದು ಅದೊಂದೇ. ಏಳನೆಯವಳೂ ಬಿಗಿದಳು. ಆರನೆಯವನ ಉಸಿರು ಕಲ್ಲಿನಲ್ಲಿ ಹುಚ್ಚು ಹಿಡಿದ ಹಾಗೆ ಉಬ್ಬಿ ಇಳಿಯುತ್ತಿತ್ತು.

"ಅಜ್ಜಿ ಕಲ್ಲಿನಡಿ ಇದ್ದಾಳೆ," ಎಂದ ಅವನು. "ನಾನು ಬಿಟ್ಟು ಹೋಗೋ ಹಾಗಿಲ್ಲ. ಯಾರೂ ಬಿಡೋ ಹಾಗಿಲ್ಲ. ಏನ್ ಮಾಡ್ಲಿ?"

"ಬಿಡು," ಎಂದಳು. "ನಾನೂ ಬಿಡ್ತೀನಿ."

"ಕಾಳು ಕಾಳಾಗಿ?"

"ಅಷ್ಟು ಪುರುಸೊತ್ತಿಲ್ಲ. ಒಂದೇ ಸಲ. ಈ ಉಸಿರು ಮುಗಿದ ಮೇಲೆ."

ಇಬ್ಬರ ಉಸಿರೂ ಇಳಿಯಿತು. ಅವಳು ಹೆಗಲು ಕಿತ್ತುಕೊಂಡು ಓಡಿದಳು. ಬೆನ್ನ ಹಿಂದೆ ಗೋಡೆ ಬೀಳುವ ಸದ್ದಿಗೆ ಕಿವಿ ಕಾದಿತ್ತು. ಎಂಟನೆಯವನು ಏನೋ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಬಿದ್ದ ಕಲ್ಲುಗಳನ್ನು ಹತ್ತಿ ಇಳಿದರೆ ಆಚೆಯ ಊರು. ಅಲ್ಲೂ ಮಣ್ಣಿನ ಮನೆಗಳೇ. ಸಾಲಾಗಿ ನಿಂತವರು ಎಡ ಹೆಗಲು ಕಲ್ಲಿಗೆ ಕೊಟ್ಟು ಎಡಕ್ಕೆ ಬಾಗಿದ್ದರು, ಅಷ್ಟೇ ವ್ಯತ್ಯಾಸ. ಆ ಸಾಲಿನಿಂದ ಒಬ್ಬ ಓಡಿ ಬರುತ್ತಿದ್ದ. ತೆಳ್ಳಗಿನ ಆಳು, ಕಿವಿಗೆ ತಾಗಿದ ಎಡ ಹೆಗಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗಲೇ ಮೊದಲನೆಯವನು ಮೊಣಕೈ ಕೆತ್ತಿಹೋದದ್ದನ್ನೂ ಲೆಕ್ಕಿಸದೆ ಕಲ್ಲು ಎತ್ತಿ ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದ. ಅವನ ಜೊತೆ ಇವರೂ ಕೈ ಹಾಕಿದರು.

ಮುದುಕಿ ಬದುಕಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಮೊದಲನೆಯವನನ್ನು ನೋಡಿ, "ನೀನೇನಪ್ಪಾ ನನ್ನೆದುರಿನವನು?" ಎಂದಳು.

ಅವನು ತಲೆ ತಗ್ಗಿಸಿದ. "ಭಯ ಆಯ್ತು ಅಜ್ಜಿ. ಭಯ ಆದಾಗ ನನಗೆ ಗೊತ್ತಿರೋದು ತಳ್ಳೋದು ಒಂದೇ."

"ನನಗೂ ಭಯ ಆಗಿತ್ತು," ಎಂದಳು ಮುದುಕಿ. ಅವನು ಅವಳನ್ನು ಎತ್ತಿಕೊಂಡು ಹತ್ತಿರದ ಚಾವಡಿಗೆ ಒಯ್ದ.

ಅಷ್ಟರಲ್ಲಿ ಬುಟ್ಟಿಯಜ್ಜಿ ಕಂಕುಳಲ್ಲಿ ಬಿದಿರಿನ ಸೀಳುಗಳನ್ನು ಇಟ್ಟುಕೊಂಡು ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು. "ದಬ್ಬೆ ಕಟ್ತೀನಿ. ಆದ್ರೆ ಊದ್ಕೊಂಡಿದೆ. ಎಳ್ಳೆಣ್ಣೆ ಹಚ್ಚಿ ಊತ ಇಳಿಸ್ದೆ ಕಟ್ಟೋಕಾಗಲ್ಲ. ಬೇಗ ಬೇಕು."

ಆಚೆಯ ಊರಿನಲ್ಲಿ ಎಣ್ಣೆ ಇರಲಿಲ್ಲ. ಎಳ್ಳು ಇತ್ತು. ಚಾವಡಿಯ ಹಿಂದೆ ಕಲ್ಲಿನ ಒಂದು ಗಾಣವೂ ಇತ್ತು. ಅದರ ಒರಳಿನಲ್ಲಿ ತರಗೆಲೆ ತುಂಬಿತ್ತು, ಉದ್ದನೆಯ ಅಡ್ಡಮರದ ಮೇಲೆ ಜೇಡ ಬಲೆ ಕಟ್ಟಿತ್ತು.

"ತಿರುಗಿಸೋರಿಲ್ಲ," ಎಂದ ಆರನೆಯವನು. "ಎತ್ತುಗಳನ್ನ ಸಾಕೋಕೆ ಯಾರಿಗೂ ಬಿಡುವಿಲ್ಲ. ಇರೋ ಬಲ ಎಲ್ಲ ಗೋಡೆಗೆ."

ಏಳನೆಯವಳು ತರಗೆಲೆ ಬಾಚಿ ತೆಗೆದಳು. ಆರನೆಯವನು ಎಳ್ಳು ತಂದು ಸುರಿದ. ಅಡ್ಡಮರದ ತುದಿಗೆ ಅವಳು ತನ್ನ ಬಲ ಹೆಗಲು ಕೊಟ್ಟಳು. ಪಕ್ಕದಲ್ಲಿ ಮೊದಲನೆಯವನು ಕೊಟ್ಟ. ಅವರಿಬ್ಬರ ಮೈ ಬಾಗಿದ್ದ ರೀತಿಗೆ ಆ ಮರ ಸರಿಯಾಗಿ ಹೊಂದಿಕೊಂಡಿತು. ಅವಳು ಕಾಲು ಊರಿದಳು, ಹಲ್ಲು ಕಚ್ಚಿದಳು, ದಿನವೂ ತಳ್ಳುವ ಹಾಗೆ ತಳ್ಳಿದಳು.

ಮುಗ್ಗರಿಸಿ ಬಿದ್ದಳು. ಮರ ಅವಳನ್ನು ಎದುರಿಸಲಿಲ್ಲ. ಅದು ಸರಿದಿತ್ತು.

ಮಣ್ಣು ಕೊಡವಿಕೊಂಡು ಎದ್ದು ಮರವನ್ನೇ ನೋಡಿದಳು. ಒಂದು ಗೇಣು, ಒಂದು ಮೊಳ, ಸರಿದ ಜಾಗ ನೆಲದ ಮೇಲೆ ಕಾಣಿಸುತ್ತಿತ್ತು. ಮತ್ತೆ ಹೆಗಲು ಕೊಟ್ಟಳು, ಈ ಸಲ ಮೆಲ್ಲಗೆ. ಕಲ್ಲು ಗುರ್ ಎಂದಿತು. ಗಾಣ ತಿರುಗಿತು.

ಒಂದೊಂದು ಸುತ್ತಿಗೂ ಗೋಡೆ ಅವಳ ಕಣ್ಣಿಗೆ ಬೀಳುತ್ತಿತ್ತು. ಆರನೆಯವನ ಜಾಗ ಖಾಲಿ, ಅದರ ಬೆನ್ನಿಗೆ ತನ್ನ ಜಾಗ ಖಾಲಿ, ಎರಡರ ನಡುವಿನ ಕಲ್ಲು ಇದ್ದಲ್ಲೇ ಇದೆ. ಮುಂದಿನ ಸುತ್ತಿಗೆ ಇರಲಾರದು ಎಂದುಕೊಳ್ಳುವಳು. ಮುಂದಿನ ಸುತ್ತಿಗೂ ಇರುತ್ತಿತ್ತು. ಸಾಲಿನಲ್ಲಿ ನಿಂತವರೂ ಕತ್ತು ಹೊರಳಿಸಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಯಾರೂ ಇನ್ನೂ ಬಿಡಲಿಲ್ಲ.

ಅವರು ಬಿಟ್ಟದ್ದು ಬಹಳ ದಿನಗಳ ಮೇಲೆ. ಜೋಡಿ ಜೋಡಿಯಾಗಿ ಬಿಟ್ಟರು. ಕೆಲವರು ಬಿಟ್ಟ ಮಾರನೆಯ ದಿನವೇ ಹಿಂದಿರುಗಿ ಬಂದು ಕಲ್ಲಿಗೆ ಕೆನ್ನೆ ತಾಗಿಸಿ ನಿಂತರು. ಏನೂ ತಾಗದೆ ಹೆಗಲಿಗೆ ನೆಮ್ಮದಿ ಇಲ್ಲ ಎನ್ನುತ್ತಿದ್ದರು. ಬಾಗಿದವರು ಬಾಗಿಯೇ ಉಳಿದರು. ಏಳನೆಯವಳ ಹೆಗಲೂ ಇಳಿಯಲಿಲ್ಲ. ಬಿಸಿನೀರು, ಎಣ್ಣೆ, ಬುಟ್ಟಿಯಜ್ಜಿಯ ನೀವುವಿಕೆ, ಯಾವುದಕ್ಕೂ ಬಗ್ಗಲಿಲ್ಲ. ಗೆರೆಯನ್ನು ಅವಳು ಎಂದೋ ದಾಟಿದ್ದಳು. ಯಾವ ದಿನ ಎಂದು ಮಾತ್ರ ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಆ ದಿನವೂ ಉಳಿದ ದಿನಗಳ ಹಾಗೇ ಇದ್ದಿರಬೇಕು.

ಅದೆಲ್ಲ ಆಮೇಲಿನ ಮಾತು. ಆ ಹೊತ್ತು ಗಾಣ ಇನ್ನೂ ತಿರುಗುತ್ತಿತ್ತು. ಇಪ್ಪತ್ತನೆಯ ಸುತ್ತಿಗೆ ಎಳ್ಳು ಕಪ್ಪಗೆ ಜಿಡ್ಡಾಯಿತು. ಮೂವತ್ತಕ್ಕೆ ವಾಸನೆ ಎದ್ದಿತು. ಐವತ್ತೋ ಅರವತ್ತೋ ದಾಟಿದ ಮೇಲೆ ಒರಳಿನ ಕೆಳಗಿನ ತೂತಿನಿಂದ ಒಂದು ಹನಿ ಇಳಿಯಿತು. ಮತ್ತೊಂದು. ಆಮೇಲೆ ನೂಲಿನಂಥ ಒಂದು ಧಾರೆ. ಆರನೆಯವನು ಕುಡಿಕೆ ಹಿಡಿದ. ಬುಟ್ಟಿಯಜ್ಜಿ ಬೆರಳದ್ದಿ ಮೂಸಿ ನೋಡಿ ಮುದುಕಿಯ ಕಾಲಿಗೆ ಹಚ್ಚತೊಡಗಿದಳು.

"ಸಾಕು, ನಿಲ್ಸಿ," ಎಂದಳು. "ಕಾಲಿಗೆ ಇಷ್ಟು ಸಾಕು."

ಮೊದಲನೆಯವನು ನಿಂತ. ಬೆವರು ಒರೆಸಿಕೊಂಡು ಮುದುಕಿಯ ಹತ್ತಿರ ಹೋಗಿ ಕೂತ. ಏಳನೆಯವಳು ನಿಲ್ಲಲಿಲ್ಲ.

"ಸಾಕಂತೆ," ಎಂದ ಆರನೆಯವನು. "ಯಾಕೆ ತಿರುಗಿಸ್ತಿದ್ದೀಯಾ?"

"ಇನ್ನೊಂದು ಸುತ್ತು," ಎಂದಳು. "ಇನ್ನೂ ಸರೀತದಾ ನೋಡ್ತೀನಿ."

ಅದು ಸರಿಯಿತು.